ಗೀರು ಬಿದ್ದ ತಾರೀಖು

ಪುರಸಭೆಯಲ್ಲಿ ನನ್ನದು ನೀರು ಬಿಡುವ ಕೆಲಸ. ಬೆಳಕು ಹರಿಯುತ್ತಲೇ ಕಬ್ಬಿಣದ ಉದ್ದನೆಯ ಕೀಲಿಯನ್ನು ಹೆಗಲಿಗೇರಿಸಿಕೊಂಡು ಹೊರಟರೆ ಕೋಟೆಕೇರಿ, ಗಾಣಿಗರ ಓಣಿ, ಶಾಲೆಯ ಬೀದಿ ಎಲ್ಲ ಸುತ್ತಿ ವಾಲ್ವು ತಿರುಗಿಸಿ ಮನೆಗೆ ಬರುವಷ್ಟರಲ್ಲಿ ಒಂಬತ್ತು ಗಂಟೆ. ಹಾಗಾಗಿ ಊರಿನ ಹೆಜ್ಜೆಗಳನ್ನು ನನ್ನಷ್ಟು ನೋಡಿದವರು ಇನ್ನೊಬ್ಬರಿಲ್ಲ. ನಮ್ಮೂರಿನ ಮಣ್ಣಿನಲ್ಲಿ ಮನುಷ್ಯರ ಹೆಜ್ಜೆ ಬಿದ್ದರೆ ಅಳಿಯುವುದಿಲ್ಲ. ಮಳೆ ಬಂದರೂ ಅಷ್ಟೇ, ಗುಡಿಸಿದರೂ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಒಂದರೊಳಗೊಂದು ಕಲಸಿಹೋದಂತೆ ಕಂಡರೂ ಬೆಳಗಿನ ಓರೆ ಬಿಸಿಲಿನಲ್ಲಿ ಒಂದೊಂದೂ ಬೇರೆಬೇರೆಯಾಗಿ ಎದ್ದು ಕಾಣುತ್ತದೆ. ಇದು ಇಂಥವರದು ಅಂತ ಸಣ್ಣ ಮಕ್ಕಳೂ ಹೇಳುತ್ತವೆ, ಕೈಬರಹ ಗುರುತು ಹಿಡಿದ ಹಾಗೆ. ನಡೆದವರಿಗೆ ಮಾತ್ರ ಕಾಣುವುದಿಲ್ಲ. ಅವರವರ ಹೆಜ್ಜೆ ಅವರವರ ಕಣ್ಣಿಗೆ ಬೀಳುವುದಿಲ್ಲ. ಹುಟ್ಟಿದಾಗಿನಿಂದ ಓಡಾಡಿದ ಬೀದಿಗಳಲ್ಲಿ, ನನ್ನ ಕಣ್ಣಿನ ಮಟ್ಟಿಗೆ, ನಾನು ಕಾಲಿಟ್ಟೇ ಇಲ್ಲ.

ಇಂಥ ಊರಲ್ಲಿ ಬಾಳಬೇಕಾದರೆ ಸ್ವಲ್ಪ ಮರ್ಯಾದೆ ಬೇಕು. ಯಾರ ಹೆಜ್ಜೆ ಯಾರ ಹಿತ್ತಲಿಗೆ ಹೋಗಿದೆ ಅಂತ ಕಂಡರೂ ಆಡುವುದಿಲ್ಲ. ಸಂಬಂಧ ಕುದುರಿಸಲು ಬಂದವರು ಹುಡುಗನ ಮನೆಯ ಬೀದಿಯಲ್ಲಿ ಸುಮ್ಮನೆ ಗಾಳಿ ಸೇವನೆಗೆ ಬಂದವರಂತೆ ಒಂದು ಸುತ್ತು ಹಾಕುತ್ತಾರೆ. ಬೇಡವೆನ್ನಿಸಿದರೆ ಜಾತಕದ ನೆಪ ಹೇಳಿ ಹೋಗುತ್ತಾರೆ. ಹೇಳಬಾರದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಗೀರು. ಹೆಬ್ಬೆರಳಿನ ಗುರುತಿನ ಮುಂದೆ ಸೂಜಿಯಲ್ಲಿ ಎಳೆದಂಥ ಒಂದು ಸಣ್ಣ ಗೆರೆ. ಪಾದ ಪೂರ್ತಿ ಎತ್ತಲಾಗದೆ ಬೆರಳ ತುದಿ ನೆಲಕ್ಕೆ ಸವರಿಕೊಂಡು ಹೋಯಿತು ಎನ್ನುವುದಕ್ಕೆ ಅದು ಗುರುತು. ಅದು ಬಿತ್ತು ಅಂದರೆ ಆ ಮನುಷ್ಯನಿಗೆ ಒಣಗು ಹಿಡಿಯಿತು ಅಂತ ಊರಿಗೆಲ್ಲ ತಿಳಿಯುತ್ತದೆ, ಅವನೊಬ್ಬನನ್ನು ಬಿಟ್ಟು. ಮೊದಲು ಕಾಲು, ಆಮೇಲೆ ಕೈ, ಆಮೇಲೆ ನಾಲಿಗೆ, ಕೊನೆಗೆ ಉಸಿರು. ಮೂರು ವರ್ಷ, ಹೆಚ್ಚೆಂದರೆ ಐದು. ಔಷಧವಿಲ್ಲದ ಕಾಯಿಲೆಯ ಸುದ್ದಿಯನ್ನು ಮುಂಚಿತವಾಗಿ ಹೇಳಿ ಒಬ್ಬರ ನೆಮ್ಮದಿಯ ದಿನಗಳನ್ನು ಯಾಕೆ ಕಸಿಯಬೇಕು ಅಂತ ನಮ್ಮ ಹಿರಿಯರು ಬಾಯಿ ಕಟ್ಟಿಕೊಂಡರು. ಅದೇ ನಡೆದುಕೊಂಡು ಬಂತು.

ನಮ್ಮ ಮನೆತನದಲ್ಲಿ ಒಣಗು ಇತ್ತು. ಅಜ್ಜಿ ಅದರಿಂದಲೇ ಹೋದರಂತೆ. ಅಪ್ಪನ ಹೆಜ್ಜೆಯಲ್ಲಿ ಗೀರು ಕಂಡಾಗ ನನಗೆ ಹನ್ನೆರಡು, ಅಕ್ಕ ನೀಲಾಂಬಿಕೆಗೆ ಹದಿನೆಂಟು. ಅಂಗಳದಲ್ಲಿ ನಾವಿಬ್ಬರೂ ಒಟ್ಟಿಗೇ ನೋಡಿದೆವು. ಅಕ್ಕ ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಆ ಕೈಯ ಸೀಗೆಪುಡಿಯ ವಾಸನೆ ನನಗೆ ಈಗಲೂ ನೆನಪಿದೆ. ಅಪ್ಪ ತಾವಾಗಿಯೇ ತಿಳಿದುಕೊಳ್ಳಲು ಇನ್ನೂ ಏಳು ತಿಂಗಳು ಹಿಡಿಯಿತು. ಅಷ್ಟು ದಿನ ನಾವು ಅವರ ಮುಂದೆ ನಗುತ್ತಾ ಉಣ್ಣುತ್ತಾ ಇದ್ದೆವು.

ಅಕ್ಕ ಮುಂದೆ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿಟಿ ಟೀಚರ್ ಆದಳು. ಕತ್ತಿಗೆ ಕಪ್ಪು ದಾರದ ಸೀಟಿ, ಸೀರೆಯ ಸೆರಗು ಸೊಂಟಕ್ಕೆ ಬಿಗಿದು ಮೈದಾನದ ನಡುವೆ ನಿಂತರೆ ಅವಳ ದನಿ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತಿತ್ತು. ಉದ್ದ ಜಿಗಿತದಲ್ಲಿ ಒಮ್ಮೆ ಎಡಗಾಲಿನ ಎರಡನೆಯ ಬೆರಳು ಮುರಿದು, ಸರಿಯಾಗಿ ಕೂಡದೆ ಹೆಬ್ಬೆರಳಿನ ಮೇಲೆ ಹತ್ತಿ ಕೂತಿತ್ತು. ಹಿಟ್ಟಿನ ಗಿರಣಿಯ ಮಲ್ಲೇಶಪ್ಪ ಭಾವ ನಮ್ಮ ಮನೆತನದ ಕತೆ ಗೊತ್ತಿದ್ದೂ ಅವಳನ್ನು ಮದುವೆಯಾದರು. ಒಬ್ಬಳೇ ಮಗಳು, ಶಾಂಭವಿ. ಮಾತು ಕಡಿಮೆಯ ಭಾವ, ಮಾತೇ ಜೀವವಾದ ಅಕ್ಕ, ಮಾತು ಮೌನ ಎರಡನ್ನೂ ಅಳೆದು ತೂಗಿ ಖರ್ಚು ಮಾಡುವ ಮಗಳು; ಚೆನ್ನಾಗಿದ್ದರು.

ಡಾಕ್ಟರ್ ಜುಲೇಖಾ ಅವರು ನಮ್ಮೂರಿಗೆ ಬಂದಾಗ ಅಕ್ಕನಿಗೆ ನಲವತ್ತು. ದೂರದ ವಿಶ್ವವಿದ್ಯಾಲಯವೊಂದರಿಂದ ಬಂದ ಆ ಹೆಂಗಸು ಗಿರಣಿಯ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದು, ಫ್ರಿಜ್ಜು, ಸೂಕ್ಷ್ಮದರ್ಶಕ, ಪ್ಲಾಸ್ಟರ್ ಚೀಲಗಳನ್ನು ಏರಿಸಿಕೊಂಡರು. ಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹೆಜ್ಜೆಗಳಿಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುವುದು ಅವರ ಕೆಲಸ. ಹೊರಗಿನವರಾದ ಅವರಿಗೆ ಹೆಜ್ಜೆಗಳು ಕಾಣುತ್ತಿದ್ದವು, ಯಾರದು ಯಾವುದು ಅಂತ ಬಿಡಿಸಲು ಬರುತ್ತಿರಲಿಲ್ಲ. ಬೆಳಿಗ್ಗೆ ನನ್ನ ಜೊತೆ ಬರಲು ಶುರುಮಾಡಿದರು. ನಾನು ವಾಲ್ವು ತಿರುಗಿಸುತ್ತಾ ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು.

ನಮ್ಮ ಅಂಗಳದಲ್ಲಿ ಅಪ್ಪನ ಹೆಜ್ಜೆಗಳಿದ್ದವು. ಅವನ್ನು ಆರು ವಾರ ಅಳೆದು ಒಂದು ದಿನ ಮೇಡಂ ಮೆಟ್ಟಿಲ ಮೇಲೆ ಕೂತು ಹೇಳಿದರು: "ಸಿದ್ರಾಮ, ಗೀರು ಬೀಳೋದು ಮೊದಲ ಗುರುತಲ್ಲ. ಅದಕ್ಕೂ ಮುಂಚೆ ಹಿಮ್ಮಡಿ ಆಳವಾಗ್ತಾ ಬಂದಿದೆ. ಮೆದುಳಿನ ಮಾತನ್ನ ಕಾಲಿಗೆ ಒಯ್ಯೋ ನರಕೋಶಗಳು ಒಂದೊಂದಾಗಿ ಸಾಯ್ತಿರುತ್ವೆ. ಉಳಿದವು ಸತ್ತವುಗಳ ಕೆಲಸಾನೂ ಹೊತ್ಕೊಂಡು ನಡೆಸ್ತಿರುತ್ವೆ. ಅವೂ ಸೋತಾಗ್ಲೇ ನಮಗೆ ಗೀರು ಕಾಣೋದು."

"ಅಂದ್ರೆ ಗೀರು ಬಿದ್ದಾಗ ಆಗ್ಲೇ ಅರ್ಧ ಮುಗಿದಿರುತ್ತಾ?"

"ಅರ್ಧಕ್ಕಿಂತ ಜಾಸ್ತಿ," ಅಂದರು ಮೇಡಂ.

ನರದ ತಂತು ಹರಿದಾಗ ಅದರ ಚೂರು ರಕ್ತಕ್ಕೆ ಬರುತ್ತದಂತೆ, ಅದನ್ನು ಅಳೆಯಬಹುದಂತೆ. ಅಪ್ಪನಿಗೋ ಅಮ್ಮನಿಗೋ ಒಣಗು ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸಮಸಮ, ರೂಪಾಯಿ ಚಿಮ್ಮಿದ ಹಾಗೆ. ಅದನ್ನೂ ರಕ್ತದಲ್ಲಿ ಓದಬಹುದಂತೆ. ನಾನು ರಕ್ತ ಕೊಟ್ಟೆ, ಉತ್ತರ ಬೇಡ ಅಂದೆ. ಅಕ್ಕ ರಕ್ತವನ್ನೂ ಕೊಡಲಿಲ್ಲ. "ನಂಗೆ ಸ್ಪೋರ್ಟ್ಸ್ ಡೇ ಇದೆ ಮೇಡಂ, ಆಮೇಲೆ ನೋಡೋಣ" ಅಂದು ಸೀಟಿ ಊದುತ್ತಾ ಹೋದಳು. ಊರವರ ಹತ್ತಿರ ಮೇಡಂ ಒಂದು ಮಾತು ಕೊಟ್ಟಿದ್ದರು: ಅಚ್ಚಿನ ಮೇಲೆ ಹೆಸರು ಬರೆಯುವುದಿಲ್ಲ, ನಂಬರು ಮಾತ್ರ, ತಾವಾಗಿ ಕೇಳದ ಹೊರತು ಯಾರಿಗೂ ಏನೂ ಹೇಳುವುದಿಲ್ಲ.

ಮುಂದಿನ ವರ್ಷ ಯುಗಾದಿ ಕಳೆದ ಮೂರನೆಯ ದಿನ, ಶಾಲೆಯ ಗೇಟಿನ ಹತ್ತಿರ ವಾಲ್ವು ಮುಚ್ಚಲು ಬಗ್ಗಿದವನು ಹಾಗೇ ಕೂತೆ. ಎಡಗಾಲು. ಹೆಬ್ಬೆರಳಿನ ಮೇಲೆ ಹತ್ತಿ ಕೂತ ಎರಡನೆಯ ಬೆರಳು. ಅದರ ಮುಂದೆ ಒಂದು ಗೀರು, ಕೂದಲಿನಷ್ಟು ತೆಳ್ಳಗೆ. ಒಂದು ಹೆಜ್ಜೆಯಲ್ಲಿ ಇದ್ದರೆ ಎಡವಿದಳು ಅನ್ನಬಹುದು. ಗೇಟಿನಿಂದ ಧ್ವಜದ ಕಟ್ಟೆಯವರೆಗೆ ಪ್ರತಿ ಎಡ ಹೆಜ್ಜೆಯಲ್ಲೂ ಇತ್ತು. ತೊಟ್ಟಿಗಳು ತುಂಬಿ ಬೀದಿಯಲ್ಲಿ ನೀರು ಹರಿದು ಜನ ಕೂಗಿಕೊಂಡಾಗಲೇ ನಾನು ಎದ್ದದ್ದು.

ಮೇಡಂಗೆ ಹೇಳಿದೆ. ಅವರು ಬಂದು ಅಚ್ಚು ತೆಗೆದರು. ನಂಬರು ನಲವತ್ತೇಳು. ಕೆಳಗೆ ತಾರೀಖು ನಾನೇ ಬರೆದೆ, ಅವರ ಕೈಗೆಲ್ಲ ಪ್ಲಾಸ್ಟರ್ ಮೆತ್ತಿತ್ತು. "ನಿಮ್ಮ ಅಕ್ಕನಿಗೆ ನಾನು ಹೇಳೋ ಹಾಗಿಲ್ಲ," ಅಂದರು. "ಆದ್ರೆ ನೀವು ತಮ್ಮ. ಹೊಸ ಔಷಧಿಯ ಪ್ರಯೋಗ ಶುರುಮಾಡ್ತಾ ಇದ್ದೀವಿ. ಕೆಲಸ ಮಾಡುತ್ತೋ ಇಲ್ವೋ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದನ್ನಾದ್ರೂ ಅವರಿಗೆ ಹೇಳಬಹುದಲ್ವಾ?"

ಹೇಳುತ್ತೇನೆ ಅಂದೆ. ಆ ಸಂಜೆ ಹೋದೆ. ಅಕ್ಕ ಶಾಂಭವಿಯನ್ನು ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಜಿಲ್ಲೆಯ ಮಟ್ಟದಲ್ಲಿ ನಮ್ಮ ಖೋ ಖೋ ತಂಡ ಗೆದ್ದ ಸುದ್ದಿ ಹೇಳುತ್ತಾ ಹೇಳುತ್ತಾ ಬಾಚಣಿಗೆಯನ್ನು ಗಾಳಿಯಲ್ಲಿ ಆಡಿಸಿದಳು. ನಾನು ಅವಲಕ್ಕಿ ತಿಂದು ಬಂದೆ. ಮರುದಿನ ಹೋದೆ, ಬಂದೆ. ಶಾಲೆ ಶುರುವಾಗಲಿ ಅಂದುಕೊಂಡೆ. ಗಣಪತಿ ಹಬ್ಬ ಕಳೆಯಲಿ ಅಂದುಕೊಂಡೆ. ಶಾಂಭವಿಯ ಪರೀಕ್ಷೆ ಆಗಲಿ. ಬೆಳಿಗ್ಗೆ ಬೆಳಿಗ್ಗೆ ಆ ಗೀರು ಉದ್ದವಾಗುವುದನ್ನು, ಅದರ ಪಕ್ಕದಲ್ಲಿ ಬಲಗಾಲಿನದೊಂದು ಹುಟ್ಟುವುದನ್ನು ನೋಡುತ್ತಾ ನೀರು ಬಿಟ್ಟೆ. ಹನ್ನೊಂದು ತಿಂಗಳು.

ಅವಳಿಗೆ ತಿಳಿದದ್ದು ಹೀಗೆ. ಒಂದು ಭಾನುವಾರ ಮೇಡಂ ಊರಲ್ಲಿರಲಿಲ್ಲ, ಅವರ ಕೋಣೆಯ ನೆಲ ಒರೆಸಿಸಲು ಅಕ್ಕ ಮೇಲೆ ಹೋಗಿದ್ದಳು. ನಾನು ಅಲ್ಲಿ ಅಚ್ಚುಗಳನ್ನು ಜೋಡಿಸುತ್ತಿದ್ದೆ. ಮೆಟ್ಟಿಲು ಹತ್ತುವಾಗ ಎರಡು ಸಲ ಎಡವಿದಳು. "ಏನೋ ಇದು, ವಯಸ್ಸಾಯ್ತೇನೋ ನಂಗೆ" ಅಂದುಕೊಂಡು ಒಳಗೆ ಬಂದು ಕಪಾಟಿನ ಮುಂದೆ ನಿಂತಳು. ಮಣ್ಣಿನಲ್ಲಿರುವ ತನ್ನ ಹೆಜ್ಜೆ ತನಗೆ ಕಾಣುವುದಿಲ್ಲ. ಪ್ಲಾಸ್ಟರಿನಲ್ಲಿರುವುದು ಕಾಣುತ್ತದೆ ಅನ್ನುವುದು ಆ ಗಳಿಗೆಯವರೆಗೆ ನಮ್ಮೂರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಇದು ನನ್ನ ಕಾಲಲ್ವೇನೋ ಸಿದ್ರಾಮ?"

ಅವಳು ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಹತ್ತಿರ ಒಯ್ದು, ಹತ್ತಿ ಕೂತ ಬೆರಳನ್ನು ಮುಟ್ಟಿ ನೋಡಿದಳು. ಆಮೇಲೆ ಗೀರನ್ನು ಮುಟ್ಟಿದಳು. ಆಮೇಲೆ ತಾರೀಖು ಓದಿದಳು. ನನ್ನ ಅಕ್ಷರ ಅವಳಿಗೆ ಗೊತ್ತು, ಸ್ಲೇಟು ಹಿಡಿಸಿ ಕಲಿಸಿದವಳೇ ಅವಳು.

"ಹನ್ನೊಂದು ತಿಂಗಳಾಯ್ತು," ಅಂದಳು. "ಪ್ರತಿ ಭಾನುವಾರ ಬಂದು ಊಟ ಮಾಡಿಕೊಂಡು ಹೋದ್ಯಲ್ಲೋ."

"ಅಪ್ಪನಿಗೂ ನಾವು ಹೇಳಿರ್ಲಿಲ್ಲ ಅಕ್ಕ."

"ಅಪ್ಪನಿಗೆ ಔಷಧಿ ಇರ್ಲಿಲ್ಲ," ಅಂದಳು. ಅಚ್ಚನ್ನು ಇದ್ದ ಜಾಗದಲ್ಲೇ ಇಟ್ಟು ಗೋಡೆ ಹಿಡಿದುಕೊಂಡು ಇಳಿದುಹೋದಳು. ಆಮೇಲೆ ನಾಲ್ಕು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅವಳಿಗೆ ಉಳಿದಿದ್ದ ಮಾತಿನ ತಿಂಗಳುಗಳೇ ಹೆಚ್ಚಿರಲಿಲ್ಲ. ಅದರಲ್ಲಿ ನಾಲ್ಕು ನನಗೆ ಸಿಗಲಿಲ್ಲ.

ಪ್ರಯೋಗಕ್ಕೆ ನಮ್ಮೂರು, ಸುತ್ತಲ ಹಳ್ಳಿಗಳಿಂದ ಇಪ್ಪತ್ತೆಂಟು ಜನ ಸೇರಿದ್ದರು. ಕೊನೆಯವಳಾಗಿ ಅಕ್ಕ ಸೇರಿದಳು. ತಿಂಗಳಿಗೊಂದು ಸಲ ಬೆನ್ನುಹುರಿಗೆ ಸೂಜಿ. ಅರ್ಧ ಜನರಿಗೆ ಔಷಧಿ, ಅರ್ಧ ಜನರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ, ಚುಚ್ಚುವ ಮೇಡಂಗೂ ಗೊತ್ತಿಲ್ಲ. ಊರವರಿಗೆ ಇದು ಸುಲಭಕ್ಕೆ ಒಪ್ಪಲಿಲ್ಲ. ಸಾಯುವವರಿಗೆ ನೀರು ಚುಚ್ಚುವುದೆಂದರೇನು ಅಂತ ಇಬ್ಬರು ಗಂಡಸರು ಗಿರಣಿಯ ಮುಂದೆ ಜಗಳಕ್ಕೆ ನಿಂತರು. ಅಕ್ಕ ಊರುಗೋಲು ಹಿಡಿದು ಹೊರಗೆ ಬಂದಳು.

"ಇಬ್ಬರು ಹುಡುಗೀರು ಓಡಿದ್ರೆ ತಾನೇ ಯಾರು ಜೋರು ಅಂತ ಗೊತ್ತಾಗೋದು?" ಅಂದಳು. "ಒಬ್ಬಳೇ ಓಡಿದ್ರೆ ಯಾವಾಗ್ಲೂ ಅವಳೇ ಫಸ್ಟು. ನಂಗೆ ನೀರು ಬಂದಿದ್ರೆ ನಾನು ಆ ಎರಡನೇ ಹುಡುಗಿ. ಯಾರಾದ್ರೂ ಆಗಬೇಕಲ್ಲ." ಅವಳ ನಾಲಿಗೆ ಆಗಲೇ ಸ್ವಲ್ಪ ದಪ್ಪವಾಗಿತ್ತು. ಗಂಡಸರು ಹೋದರು.

ಆ ವರ್ಷ ಅವಳು ಊರುಗೋಲಿನಿಂದ ಗಾಲಿಕುರ್ಚಿಗೆ ಬಂದಳು. ಗಾಲಿಯ ಗೆರೆ ನಮ್ಮೂರಿನ ಮಣ್ಣಿನಲ್ಲಿ ನಿಲ್ಲುವುದಿಲ್ಲ, ಗಾಳಿ ಬಂದರೆ ಹೋಗುತ್ತದೆ. ನನ್ನ ಬೆಳಗಿನ ಸುತ್ತಿನಲ್ಲಿ ಅವಳ ಹೊಸ ಹೆಜ್ಜೆ ಸಿಗುವುದು ನಿಂತಿತು. ಸೀಟಿ ಊದಲು ತುಟಿ ಕೂಡದೆ ಶಾಲೆ ಬಿಟ್ಟಳು. ಮನೆಗೆ ಬಂದ ಹುಡುಗಿಯರ ಮುಂದೆ ಒಮ್ಮೆ ಊದಲು ಹೋಗಿ ಜೊಲ್ಲು ಸುರಿದಾಗ ತಾನೇ ನಕ್ಕಳು, ಹುಡುಗಿಯರು ನಗಲಿಲ್ಲ. ಅವಳು ನನ್ನ ಜೊತೆ ಮತ್ತೆ ಮಾತಾಡಿದ್ದು ನೀರು ಕೇಳಲು. ಲೋಟ ಹಿಡಿದಿದ್ದ ನನ್ನನ್ನು ನೋಡಿ, "ನೀರು ಬಿಡೋ ಕೆಲಸ ನಿಂದೇ ತಾನೆ" ಅಂದಳು. ಅಷ್ಟೇ. ಕ್ಷಮಿಸಿದ್ದೇನೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ವರ್ಷ ತುಂಬಿದ ಮೇಲೆ ಲೆಕ್ಕ ಹಾಕಿದರು. ಮೇಡಂ ತಮ್ಮ ಊರಿಂದ ಬಂದವರೇ ಗಿರಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಔಷಧಿ ತೆಗೆದುಕೊಂಡವರಿಗೂ ನೀರು ತೆಗೆದುಕೊಂಡವರಿಗೂ ವ್ಯತ್ಯಾಸ ಇಲ್ಲ. ಎರಡು ಗುಂಪೂ ಒಂದೇ ವೇಗದಲ್ಲಿ ಒಣಗಿದ್ದವು. ಕೋಣೆ ಖಾಲಿಮಾಡಿ ವಾಪಸು ಬರಬೇಕೆಂದು ವಿಶ್ವವಿದ್ಯಾಲಯದಿಂದ ಹೇಳಿಕಳಿಸಿದ್ದರು. ಭಾವ ಗಿರಣಿ ನಿಲ್ಲಿಸಿ ಬಂದು ಅವರಿಗೆ ಚಹಾ ಕೊಟ್ಟರು. ಹಿಟ್ಟು ಹಿಡಿದ ಅವರ ರೆಪ್ಪೆಗಳು ಬಡಿದುಕೊಳ್ಳುತ್ತಿದ್ದವು.

ಅಕ್ಕನಿಗೆ ಮೇಡಂ ತಾವೇ ಹೋಗಿ ಹೇಳಿದರು. ಆಗ ಅವಳ ಮಾತು ಶಾಂಭವಿಗೆ ಮಾತ್ರ ಅರ್ಥವಾಗುತ್ತಿತ್ತು. ಹತ್ತೊಂಬತ್ತರ ಹುಡುಗಿ ತಾಯಿಯ ಬಾಯಿ ನೋಡುತ್ತಾ ವಾಕ್ಯ ವಾಕ್ಯವಾಗಿ ಎತ್ತಿಕೊಡುತ್ತಿದ್ದಳು. "ಅಮ್ಮ ಕೇಳ್ತಿದ್ದಾಳೆ, ಎಲ್ಲರನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿ ಓಡಿಸಿದ್ರಾ ಅಂತ."

"ಅಂದ್ರೆ?" ಅಂದರು ಮೇಡಂ.

"ಗೀರು ಬಿದ್ದು ತಿಂಗಳಾದವರು, ಎರಡು ವರ್ಷ ಆದವರು, ಎಲ್ಲರನ್ನೂ ಸೇರಿಸಿ ಲೆಕ್ಕ ಹಾಕಿದ್ರೆ ಹೇಗೆ ಅಂತಾಳೆ. ಅರ್ಧ ಓಟ ಮುಗಿದವರಿಗೆ ಹೊಸ ಶೂ ಕೊಟ್ಟು ಶೂ ಚೆನ್ನಾಗಿಲ್ಲ ಅಂದ್ರೆ ಆಗುತ್ತಾ ಅಂತಾಳೆ."

"ಗೊತ್ತು ನೀಲಾಂಬಿಕೆ. ಆದ್ರೆ ಯಾರಿಗೆ ಯಾವಾಗ ಶುರುವಾಯ್ತು ಅಂತ ಅವರಿಗೇ ಗೊತ್ತಿಲ್ಲ. ಅವರು ಹೇಳೋದು ತಾವು ಮೊದಲು ಬಿದ್ದ ದಿನ. ಹೆಜ್ಜೆ ಮೇಲೆ ತಾರೀಖು ಇರೋದಿಲ್ಲ. ನನ್ನ ಹತ್ರ ತಾರೀಖಿರೋದು ಒಂದೇ ಒಂದು ಅಚ್ಚು."

ಅಕ್ಕ ನನ್ನ ಕಡೆ ನೋಡಿದಳು. ಆಮೇಲೆ ನಿಧಾನವಾಗಿ ಏನೋ ಹೇಳಿದಳು. ಶಾಂಭವಿ ಸ್ವಲ್ಪ ತಡೆದು ಎತ್ತಿಕೊಟ್ಟಳು: "ಅವರಿಗೆ ಗೊತ್ತಿಲ್ಲ. ಊರಿಗೆ ಗೊತ್ತಿದೆ."

ಮರುದಿನದಿಂದ ನಾವು ಮನೆಮನೆಗೆ ಹೊರಟೆವು. ಗಾಲಿಕುರ್ಚಿ ತಳ್ಳಲು ನಾನು, ಮಾತು ಎತ್ತಿಕೊಡಲು ಶಾಂಭವಿ, ಬರೆದುಕೊಳ್ಳಲು ಮೇಡಂ. ಇಪ್ಪತ್ತೆಂಟು ಜನರ ನೆರೆಹೊರೆಯವರನ್ನು, ಮನೆಯವರನ್ನು ಕೇಳುವುದು ಒಂದೇ ಪ್ರಶ್ನೆ: ಆ ಗೀರನ್ನು ನೀವು ಮೊದಲು ಕಂಡಿದ್ದು ಯಾವಾಗ? ಎಷ್ಟೋ ತಲೆಮಾರು ಬಾಯಿ ಕಟ್ಟಿಕೊಂಡಿದ್ದ ಊರು. ಮೊದಲ ದಿನ ನಾಲ್ಕು ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಐದನೆಯದರಲ್ಲಿ ಹಜಾಮರ ಇಮಾಮ್‌ ಸಾಬರು ಕೂರಿಸಿ, ಕತ್ತರಿ ಕೆಳಗಿಟ್ಟು, ಎದುರು ಮನೆಯ ಗೆಳೆಯನ ಬಗ್ಗೆ ಹೇಳಿದರು. "ರಂಜಾನಿನ ಹದಿನೇಳನೇ ಉಪವಾಸ. ಆವತ್ತಿಂದ ನಾನು ಅವನ ಅಂಗಡಿ ಕಡೆ ಹೋಗೋದು ಬಿಟ್ಟೆ ಅಮ್ಮಾ. ಮುಖ ನೋಡಿದ್ರೆ ಹೇಳಿಬಿಡ್ತೀನಿ ಅನ್ನಿಸ್ತು. ಅವನು ನಾನು ಕೋಪ ಮಾಡ್ಕೊಂಡಿದ್ದೀನಿ ಅಂತ ತಿಳ್ಕೊಂಡ." ಅವರು ಅಳುತ್ತಾ ಕೂತಿದ್ದಾಗ ಎದುರು ಮನೆಯ ಜಗಲಿಯಿಂದ ಆ ಗೆಳೆಯ, ಎರಡೂ ಕೈ ತೊಡೆಯ ಮೇಲೆ ಇಳಿಬಿಟ್ಟುಕೊಂಡು, ನಮ್ಮನ್ನೇ ನೋಡುತ್ತಿದ್ದ.

ಗಾಣಿಗರ ಓಣಿಯ ಕಾಶಮ್ಮ ಗಂಡನ ಎದುರಿಗೇ ಹೇಳಿದಳು. ಗೀರು ಕಂಡ ದಿನದಿಂದ ಅವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು, ಗಂಡನ ಹೆಜ್ಜೆಗಳ ಮೇಲೆಲ್ಲ ತನ್ನ ಪಾದವಿಟ್ಟು ತುಳಿಯುತ್ತಾ ಹೋಗುತ್ತಿದ್ದಳಂತೆ, ಯಾರ ಕಣ್ಣಿಗೂ ಬೀಳದಿರಲಿ ಅಂತ. "ಅದಕ್ಕೇ ನೀನು ಆಗ ನನ್ನ ಹಿಂದೆ ಹಿಂದೇನೇ ಬರ್ತಿದ್ದೆ," ಅಂದ ಗಂಡ. "ನಾನು ಅನುಮಾನ ಪಡ್ತಾಳೆ ಅಂದ್ಕೊಂಡು ಒಂದಿನ ಹೊಡೆದೂಬಿಟ್ಟೆ." ಕಾಶಮ್ಮ ತಾರೀಖು ಹೇಳಿದಳು. ಮೇಡಂ ಬರೆದುಕೊಂಡರು. ಬರೆಯುವಾಗ ಅವರ ಪೆನ್ನು ಎರಡು ಸಲ ನಿಂತಿತು.

ಒಂದೂವರೆ ತಿಂಗಳು ಹೀಗೇ ನಡೆಯಿತು. ಕೊನೆಗೆ ಜನ ತಾವಾಗಿ ಗಿರಣಿಗೆ ಬಂದು ಹೇಳತೊಡಗಿದರು. ಇಪ್ಪತ್ತೇಳು ತಾರೀಖುಗಳಾದವು. ಇಪ್ಪತ್ತೆಂಟನೆಯದು ಅಕ್ಕನದು, ಅದು ಅಚ್ಚಿನ ಮೇಲೇ ಇತ್ತು. ಅಕ್ಕನ ಮನೆಯಲ್ಲಿ, ಅವಳ ಗಾಲಿಕುರ್ಚಿಯ ಪಕ್ಕ ಕೂತು ಮೇಡಂ ಪುಸ್ತಕ ಮುಚ್ಚುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದ ಭಾವ ಕೆಮ್ಮಿದರು.

"ಅದು ತಪ್ಪು," ಅಂದರು. "ಯುಗಾದಿ ಅಲ್ಲ. ಸಂಕ್ರಾಂತಿ."

ಮೇಡಂ ಪುಸ್ತಕವನ್ನು ಮತ್ತೆ ತೆರೆದರು.

"ಗಿರಣಿ ಬಾಗಿಲಲ್ಲಿ ಹಿಟ್ಟು ಚೆಲ್ಲಿರುತ್ತಲ್ಲ, ಬೆಳ್ಳಗೆ. ಅದರ ಮೇಲೆ ನಡ್ಕೊಂಡು ಬಂದಿದ್ಲು, ಎಳ್ಳು ಬೀರೋಕೆ ಹೊರಟಿದ್ಲು. ಸಿದ್ರಾಮನಿಗಿಂತ ಮೂರು ತಿಂಗಳು ಮುಂಚೆ ನೋಡಿದೆ ನಾನು. ಪ್ರಯೋಗ ಶುರುವಾಗುತ್ತೆ ಅಂತ ಮೇಡಂ ಮೇಲ್ಗಡೆ ಮಾತಾಡೋದೂ ಕೇಳಿಸ್ತಿತ್ತು." ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು, ಹಿಟ್ಟು ಕಣ್ಣೀರಿಗೆ ಕಲಸಿ ಅಂಟಿಕೊಂಡಿತು. "ತಾಯಿ ಮಗಳು ಇಬ್ಬರೂ ಅವನೊಬ್ಬನ ಮೇಲೇ ಸಿಟ್ಟಾಗಿದ್ರಿ. ನಾನು ಸುಮ್ನಿದ್ದೆ."

ಶಾಂಭವಿ ಎದ್ದು ಒಳಗೆ ಹೋದಳು. ಅಕ್ಕ ಗಂಡನನ್ನು ಬಹಳ ಹೊತ್ತು ನೋಡಿದಳು. ಅವಳ ಮಾತನ್ನು ಎತ್ತಿಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಭಾವ ಹತ್ತಿರ ಹೋಗಿ, ಜಾರುತ್ತಿದ್ದ ಅವಳ ತಲೆಯನ್ನು ದಿಂಬಿಗೆ ಸರಿಮಾಡಿಟ್ಟರು. ಅವಳು ಬೇಡ ಅನ್ನಲಿಲ್ಲ.

ತಾರೀಖುಗಳನ್ನು ಇಟ್ಟುಕೊಂಡು ಮೇಡಂ ಮತ್ತೆ ಲೆಕ್ಕ ಹಾಕಿದರು. ಗೀರು ಬಿದ್ದು ಆರು ತಿಂಗಳೊಳಗೆ ಸೂಜಿ ಶುರುವಾದವರು ಒಂಬತ್ತು ಜನ. ಅವರಲ್ಲಿ ಐವರಿಗೆ ಔಷಧಿ ಹೋಗಿತ್ತು, ನಾಲ್ವರಿಗೆ ನೀರು. ಆ ಐವರೂ ಮಿಕ್ಕ ನಾಲ್ವರ ಅರ್ಧದಷ್ಟು ವೇಗದಲ್ಲಿ ಮಾತ್ರ ಇಳಿದಿದ್ದರು. ಐವರಲ್ಲೊಬ್ಬ ಇಮಾಮ್‌ ಸಾಬರ ಬೀದಿಯ ತುದಿಯವನು, ಇನ್ನೂ ತಾನೇ ತುತ್ತು ಎತ್ತಿ ಉಣ್ಣುತ್ತಿದ್ದ. ತಡವಾಗಿ ಬಂದವರಲ್ಲಿ ಔಷಧಿಗೂ ನೀರಿಗೂ ಯಾವ ವ್ಯತ್ಯಾಸವೂ ಇರಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಮೇಡಂ ಕೈಯೆತ್ತಿ ತಡೆದರು. "ಐದು ಜನರಿಂದ ಏನನ್ನೂ ಸಾಧಿಸೋಕಾಗಲ್ಲ ಸಿದ್ರಾಮ. ಆಕಸ್ಮಿಕವೂ ಇರಬಹುದು. ಆದ್ರೆ ಮುಂದೆ ಯಾವ ಪ್ರಶ್ನೆ ಕೇಳಬೇಕು ಅಂತ ಈಗ ಗೊತ್ತಾಯ್ತು. ಇಷ್ಟಕ್ಕೇ ಎಷ್ಟೋ ಕಡೆ ಇಪ್ಪತ್ತು ವರ್ಷ ಹಿಡಿಯುತ್ತೆ." ಇದೇ ತಾರೀಖುಗಳ ಪುಸ್ತಕವನ್ನು ಹಿಡಿದುಕೊಂಡು ಅವರು ಮೇಲಿನವರ ಹತ್ತಿರ ವಾದಿಸಿದರು. ಕೋಣೆ ಖಾಲಿಮಾಡುವುದು ತಪ್ಪಿತು. ಇನ್ನೂ ಏಳು ಊರುಗಳನ್ನು ಸೇರಿಸಿ ದೊಡ್ಡ ಪ್ರಯೋಗಕ್ಕೆ ಒಪ್ಪಿಗೆ ಬಂತು.

ಯಾರಿಗೆ ಏನು ಹೋಗಿತ್ತು ಅಂತ ಪ್ರತಿಯೊಬ್ಬರಿಗೂ ಹೇಳಲೇಬೇಕಿತ್ತು. ಅಕ್ಕನಿಗೆ ಹೋಗಿದ್ದು ಔಷಧಿ. ಮೊದಲ ದಿನದಿಂದಲೂ ಔಷಧಿಯೇ. ನೀರು ಹೋಗಿದ್ದರೆ ವಿಧಿ ಅನ್ನಬಹುದಿತ್ತು, ಚೀಟಿ ಎತ್ತಿದ ಕೈ ಅನ್ನಬಹುದಿತ್ತು. ನಾನು ಮೇಡಂ ಮುಖ ನೋಡಲಾಗದೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ಹದಿನಾಲ್ಕು ತಿಂಗಳು, ಅದರಲ್ಲಿ ನನ್ನವು ಹನ್ನೊಂದು.

ಆ ಹೊತ್ತಿಗೆ ಅವಳಿಗೆ ಕಣ್ಣು ಬಿಟ್ಟರೆ ಬೇರೇನೂ ಆಡುತ್ತಿರಲಿಲ್ಲ. ಶಾಂಭವಿ ದೊಡ್ಡ ರಟ್ಟಿನ ಮೇಲೆ ಅಕ್ಷರಮಾಲೆ ಬರೆದಿದ್ದಳು. ಸಾಲು ಸಾಲಾಗಿ ಬೆರಳು ಓಡಿಸಿದರೆ ಬೇಕಾದ ಅಕ್ಷರ ಬಂದಾಗ ಅಕ್ಕ ರೆಪ್ಪೆ ಮುಚ್ಚುತ್ತಿದ್ದಳು. ಗುಣಿತ, ಒತ್ತು ಎಲ್ಲ ಹಿಡಿಯುತ್ತಾ ಕೂತರೆ ಒಂದು ಮಾತಿಗೆ ಅರ್ಧ ಗಂಟೆ. ಅದಕ್ಕೇ ಅವಳು ಬರೀ ವ್ಯಂಜನಗಳಲ್ಲಿ ಮಾತಾಡುತ್ತಿದ್ದಳು, ಉಳಿದದ್ದನ್ನು ನಾವು ತುಂಬಿಕೊಳ್ಳಬೇಕು. ಔಷಧಿಯ ವಿಷಯ ತಿಳಿದ ದಿನ ಸಂಜೆ ನನ್ನನ್ನು ಹತ್ತಿರ ಕರೆಸಿದಳು. ರಟ್ಟು ನಾನೇ ಹಿಡಿದೆ. ಬೆರಳು 'ಹ'ದ ಮೇಲೆ ಬಂದಾಗ ರೆಪ್ಪೆ ಮುಚ್ಚಿದಳು. ಆಮೇಲೆ 'ಳ'. ಅಷ್ಟೇ.

"ಹೇಳು ಅಂತಾನಾ ಅಕ್ಕ?"

ರೆಪ್ಪೆ ಮುಚ್ಚಿ ತೆಗೆದಳು.

"ಏನು ಹೇಳ್ಲಿ?"

ಅವಳ ನೋಟ ಅಡಿಗೆಮನೆಯ ಬಾಗಿಲಿನ ಕಡೆ ಹೋಯಿತು. ಅಲ್ಲಿ ಶಾಂಭವಿ ಒಲೆಯ ಮುಂದೆ ನಿಂತು ಅಮ್ಮನ ಗಂಜಿ ಆರಿಸುತ್ತಿದ್ದಳು, ಬರಿಗಾಲಿನಲ್ಲಿ.

ಮುಂದಿನ ಶ್ರಾವಣದಲ್ಲಿ ಅಕ್ಕ ಹೋದಳು. ಹಗಲು ಹನ್ನೊಂದು ಗಂಟೆಗೆ, ಭಾವ ಬೆನ್ನು ಒರೆಸುತ್ತಿದ್ದಾಗ. ಶಾಲೆಯ ಹುಡುಗಿಯರೆಲ್ಲ ಸಮವಸ್ತ್ರದಲ್ಲಿ ಸಾಲಾಗಿ ಬಂದರು. ಯಾರೂ ಹೇಳಿಕೊಡದೆ ಎಲ್ಲರೂ ಡ್ರಿಲ್ಲಿನ ಸಾವಧಾನ್ ಭಂಗಿಯಲ್ಲಿ ನಿಂತರು. ವಿಶ್ರಾಮ್ ಅನ್ನುವವರಿಲ್ಲದೆ ಹೆಣ ಎತ್ತುವವರೆಗೂ ಹಾಗೇ ನಿಂತಿದ್ದರು. ಜುಲೇಖಾ ಮೇಡಂ ಅವರ ನಡುವೆ ಒಬ್ಬರಾಗಿ ನಿಂತಿದ್ದರು.

ದೊಡ್ಡ ಪ್ರಯೋಗಕ್ಕೆ ಮೂರು ವರ್ಷ ಹಿಡಿಯಿತು. ಈ ಸಲ ಸಂಖ್ಯೆಗಳು ನಿಂತವು. ಬೇಗ ಕೊಟ್ಟರೆ ಔಷಧಿ ಒಣಗನ್ನು ನಿಧಾನಗೊಳಿಸುತ್ತದೆ, ಕೆಲವರಲ್ಲಿ ಬಹಳ ವರ್ಷ. ಗುಣಮಾಡುವುದಿಲ್ಲ. ಸತ್ತ ನರಕೋಶವನ್ನು ಬದುಕಿಸುವುದಿಲ್ಲ. ತಡವಾದವರಿಗೆ ಈಗಲೂ ಏನೂ ಮಾಡುವುದಿಲ್ಲ. ರಕ್ತದಲ್ಲಿ ರೋಗದ ಬೀಜ ಇದ್ದವರಿಗೆ ಮೂರು ತಿಂಗಳಿಗೊಮ್ಮೆ ಪರೀಕ್ಷೆ. ನರತಂತುವಿನ ಚೂರು ಏರಿದರೆ ಅಥವಾ ಗೀರು ಕಂಡರೆ, ಆ ದಿನವೇ ಸೂಜಿ. ಊರಲ್ಲಿ ಈಗ ಹೇಳುತ್ತಾರೆ. ಹೇಳುವವರಿಗೂ ಕೇಳುವವರಿಗೂ ಅಭ್ಯಾಸವಾಗಿಲ್ಲ. ಮೊದಲು ಹವಾಮಾನದ ಮಾತಾಡಿ, ಚಹಾ ಕುಡಿದು, ಎದ್ದು ನಿಂತ ಮೇಲೆ ಬಾಗಿಲಲ್ಲಿ ಹೇಳಿ ಓಡಿಹೋಗುತ್ತಾರೆ. ಆದರೂ ಹೇಳುತ್ತಾರೆ.

ನಾನು ನನ್ನ ಉತ್ತರ ಕೇಳಿಸಿಕೊಂಡೆ. ನನಗಿಲ್ಲ. ಮೇಡಂ ನನ್ನ ಕೈ ಹಿಡಿದು ಎರಡು ಸಲ ಹೇಳಿದರು. ನಾನು ಸಂತೋಷಪಡುತ್ತೇನೆ ಅಂತ ಕಾದರು. ನಾನು ಕೀಲಿ ಎತ್ತಿಕೊಂಡು ಕೋಟೆಕೇರಿಗೆ ಹೋಗಿ, ಆ ಹೊತ್ತಿನಲ್ಲಿ ಬಿಡಬೇಕಿಲ್ಲದ ನೀರು ಬಿಟ್ಟು, ವಾಲ್ವಿನ ಗುಂಡಿಯ ಪಕ್ಕ ಕೂತು ಅತ್ತೆ. ಶಾಂಭವಿಯೂ ಕೇಳಿಸಿಕೊಂಡಳು. ಅವಳಿಗಿದೆ.

ಅವಳೀಗ ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಶಾಲೆಯ ಬೀದಿಯಲ್ಲೇ ಮನೆ. ದಿನಾ ಬೆಳಿಗ್ಗೆ ಆ ಬೀದಿಗೆ ನೀರು ಬಿಟ್ಟು, ಅವಳ ಹಿಂದಿನ ದಿನದ ಹೆಜ್ಜೆಗಳನ್ನು ಶಾಲೆಯ ಗೇಟಿನಿಂದ ಮನೆಯ ಮೆಟ್ಟಿಲವರೆಗೆ ಒಂದೂ ಬಿಡದೆ ನೋಡಿ, ಬಾಗಿಲು ಬ‌ಡಿದು "ಏನೂ ಇಲ್ಲ ಕಣೇ" ಅಂತ ಹೇಳಿ ಹೋಗುತ್ತಿದ್ದೆ. "ಸರಿ ಮಾಮ" ಅನ್ನುತ್ತಿದ್ದಳು ಒಳಗಿಂದ. ಕೆಲವು ದಿನ ಸ್ನಾನದ ಮನೆಯಿಂದ, ಕೆಲವು ದಿನ ಬಾಯಿತುಂಬ ಹಲ್ಲುಪುಡಿ ಇಟ್ಟುಕೊಂಡು. ಆರು ವರ್ಷ ಹೀಗೆ ಹೇಳಿದ್ದೇನೆ.

ಹೋದ ಮಂಗಳವಾರ ಮೂರನೆಯ ಮೆಟ್ಟಿಲ ಕೆಳಗೆ ಕೂತುಬಿಟ್ಟೆ. ಬಲಗಾಲು. ಕೂದಲಿಗಿಂತ ತೆಳ್ಳಗೆ. ಹಿಂದಕ್ಕೆ ಹೋಗಿ ಗೇಟಿನಿಂದ ಮತ್ತೆ ನೋಡುತ್ತಾ ಬಂದೆ. ಕೊನೆಯ ಹತ್ತು ಹೆಜ್ಜೆಗಳಲ್ಲಿ ಇತ್ತು, ಅದಕ್ಕೆ ಮುಂಚಿನವುಗಳಲ್ಲಿ ಇರಲಿಲ್ಲ. ಬೀದಿಯ ಆಚೆ ತುದಿಯಲ್ಲಿ ಇನ್ನೊಂದು ವಾಲ್ವು ಬಾಕಿಯಿತ್ತು. ಅದೊಂದನ್ನು ತಿರುಗಿಸಿ ಬರೋಣ ಅಂತ ಕಾಲು ಎದ್ದದ್ದೂ ನಿಜ. ಬಾಗಿಲು ಬಡಿದೆ.

ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಅವಳೇ ತೆರೆದಳು. ನಾನು ಬಾಯಿ ತೆರೆಯುವ ಮೊದಲೇ ಟವೆಲು ಹಿಡಿದ ಕೈ ನಿಂತಿತು.

"ಯಾವ ಕಾಲು?"

"ಬಲ."

"ಮೊನ್ನೆ ಇತ್ತಾ?"

"ಇರ್ಲಿಲ್ಲ. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಶಾಲೆಗೆ ಹೋದಾಗ್ಲೂ ಇರ್ಲಿಲ್ಲ. ಸಂಜೆ ಬರುವಾಗ, ಕೊನೇ ಹತ್ತು ಹೆಜ್ಜೆ."

ಅವಳು ಬಾಗಿಲ ಚೌಕಟ್ಟಿಗೆ ಒರಗಿ ಸ್ವಲ್ಪ ಹೊತ್ತು ತನಗೆ ಕಾಣದ ಆ ಮಣ್ಣನ್ನು ನೋಡಿದಳು. ಒದ್ದೆ ಕೂದಲಿನಿಂದ ಹನಿ ಬೀಳುತ್ತಿತ್ತು. ನಾನು ಕೀಲಿಯನ್ನು ಗೋಡೆಗೆ ಒರಗಿಸಿ ಅವಳ ಹೆಗಲು ಹಿಡಿದೆ. ಆಮೇಲೆ ಅವಳು ಗಣಿತದ ಟೀಚರಿನ ದನಿಯಲ್ಲಿ, ಬಹಳ ನಿಧಾನವಾಗಿ ಲೆಕ್ಕ ಹಾಕಿದಳು.

"ಹದಿನಾಲ್ಕು ಗಂಟೆ," ಅಂದಳು. "ಮಾಮ, ಹದಿನಾಲ್ಕೇ ಗಂಟೆ ಆಗಿರೋದು. ಒಂದು ನಿಮಿಷ ಇರು, ಬಾಗಿಲು ಹಾಕ್ಕೊಂಡು ಬರ್ತೀನಿ."